ಮುಜೆಲ್ಲೊದ ಆ ಸ್ಟ್ರೇಟು

ನಿನ್ನೆ ರಾತ್ರಿ ನಿದ್ದೆ ಬರದೆ ಹಳೇ ರೇಸ್ ಕ್ಲಿಪ್ ನೋಡ್ತಾ ಕೂತಿದ್ದೆ. 2023ರಲ್ಲಿ ಇಟಲಿಯ ಮುಜೆಲ್ಲೊ ಟ್ರ್ಯಾಕಲ್ಲಿ ನಡೆದ ಮೋಟೋಜಿಪಿಯ ಚಿಕ್ಕ ರೇಸು, ಅಂದ್ರೆ ಸ್ಪ್ರಿಂಟ್‌ನಲ್ಲಿ ಬ್ರ್ಯಾಡ್ ಬಿಂಡರ್ ಕೆಟಿಎಂ ಮೇಲೆ ಹೊಡೆದಿದ್ದು ಗಂಟೆಗೆ 366.1 ಕಿಮೀ, ಗಾಡಿನಾ ರಾಕೆಟ್ಟಾ ಗೊತ್ತಾಗಲ್ಲ ಮಾರಾಯ! ಸೂಪರ್‌ಬೈಕ್‌ನೋರು ನೇರ ದಾರೀಲಿ ಇಷ್ಟು ಸ್ಪೀಡ್ ಮುಟ್ಟಲ್ಲ, ಅದೂ 1000 ಸಿಸಿನೇ, ಆದ್ರೆ ಶೋರೂಮಲ್ಲಿ ಮಾರೋ ಬೈಕಿಂದ ಹುಟ್ಟಿದ್ದು, ಮೋಟೋಜಿಪಿ ಗಾಡಿ ರೇಸ್‌ಗೇ ಅಂತ ಫ್ಯಾಕ್ಟರೀಲಿ ಕಟ್ಟಿದ್ದು, ಎಂಜಿನ್ನೇ ಬೇರೆ, ಕಾರ್ಬನ್ ಬ್ರೇಕು ಬೇರೆ.

ಆದ್ರೂ 2017 ನವೆಂಬರ್ ಸ್ಪೇನಿನ ಹೆರೆಸ್ ಟ್ರ್ಯಾಕಿನ ಟೆಸ್ಟಲ್ಲಿ ಸೂಪರ್‌ಬೈಕ್ ರೈಡರ್ ಜೊನಾಥನ್ ರೇ ಕವಾಸಕಿ ತಗೊಂಡು, ಒಂದೆರಡು ಲ್ಯಾಪಿಗಷ್ಟೇ ಬಾಳೋ ಮೆತ್ತನೆ ಕ್ವಾಲಿಫೈಯಿಂಗ್ ಟೈರ್ ಹಾಕಿದ್ದ ಅನ್ನಿ, ಸುಮಾರು ಮೋಟೋಜಿಪಿ ಗಾಡಿಗಳಿಗಿಂತ ಬೇಗ ಲ್ಯಾಪ್ ಮುಗಿಸಿದ್ದ. ಅಲ್ಲಿ ಉದ್ದ ಸ್ಟ್ರೇಟ್ ಇಲ್ಲ, ತಿರುವೇ ಜಾಸ್ತಿ. ನಂಗಂತೂ ಆ ಲ್ಯಾಪೇ ಹೆಚ್ಚು ಮಜಾ ಅನ್ಸುತ್ತೆ, 366 ನೋಡಿ ಬಾಯಿ ಬಿಟ್ಟಿದ್ದು ನಿಜ ಆದ್ರೂನೂ.