ಚಕ್ಕೆ ಹೇಳುವ ಕೆಲಸ: ಇಸಾಂಪುರದ ಕಲ್ಲು

ಆದಿಮಾನವರು ಕೈಯಲ್ಲೇ ಹಿಡಿದು ಬಳಸುತ್ತಿದ್ದ ಕಲ್ಲಿನ ಕೈಕೊಡಲಿ ಸಿಕ್ಕರೆ ಎಲ್ಲರೂ ಫೋಟೊ ಹೊಡೆಯುತ್ತಾರೆ. ಅದನ್ನು ಮಾಡಿದ ಬಗೆ ತಿಳಿಯಬೇಕಾದರೆ ಕೆತ್ತುವಾಗ ಸುತ್ತ ಬಿದ್ದ ಕಲ್ಲಿನ ಚಕ್ಕೆಗಳನ್ನೇ ನೋಡಬೇಕು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿರುವ ಇಸಾಂಪುರ ಅಂಥ ರಾಶಿಯ ಊರು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ 1990ರ ದಶಕದ ಕೊನೆಗೆ ಇಲ್ಲಿ ಅಗೆಯಿತು. ಪ್ರಾಣಿಹಲ್ಲಿನ ಎನಾಮಲ್ಲಿಗೆ ಇಎಸ್‌ಆರ್ (ಒಳಗೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳಿಂದ ಕಾಲ ಅಳೆಯುವ) ವಿಧಾನ ಕೊಟ್ಟ ಕಾಲ ಸುಮಾರು 12 ಲಕ್ಷ ವರ್ಷ.

ಕಲ್ಲು, ಸಿಲಿಕಾ ತುಂಬಿ ಗಟ್ಟಿಯಾದ ಸುಣ್ಣಕಲ್ಲು. ಮನೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಬಳಗದ್ದೇ. ಪದರುಪದರಾಗಿ ಏಳುವುದರಿಂದ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ. ತೆಳು ಚಪ್ಪಡಿಯ ಅಂಚನ್ನು ಎರಡೂ ಕಡೆ ಕೆತ್ತಿದರೆ ಕೈಕೊಡಲಿ. ದಪ್ಪ ಚಪ್ಪಡಿಯಿಂದ ದೊಡ್ಡ ಚಕ್ಕೆ ಎಬ್ಬಿಸಿದರೆ ಅಗಲ ಬಾಯಿಯ ಸೀಳುಗತ್ತಿ. ಬಡಿಯಲು ಬಸಾಲ್ಟ್, ಬೆಣಚುಕಲ್ಲಿನಂಥ ಬೇರೆ ಗುಂಡುಗಲ್ಲು ಬಳಸಿದ್ದಾರೆ.

ನೀವೇ ಬಡಿದು ನೋಡಿದರೆ ತೊಡಕು ಕೈಗೆ ತಿಳಿಯುತ್ತದೆ. ಚಪ್ಪಡಿಯ ಅಂಚು ಸಾಮಾನ್ಯವಾಗಿ 90 ಡಿಗ್ರಿ. ಅಲ್ಲಿ ಹೊಡೆದರೆ ಪೆಟ್ಟು ಒಳಗೇ ಇಂಗುತ್ತದೆ, ಇಲ್ಲವೇ ಮೋಟುಚಕ್ಕೆ ಎದ್ದು ಮೆಟ್ಟಿಲು ಉಳಿಯುತ್ತದೆ. ಆ ಮೆಟ್ಟಿಲು ಮುಂದಿನ ಚಕ್ಕೆಗೂ ಅಡ್ಡ. ಹಾಗಾಗಿ 70–80 ಡಿಗ್ರಿಯ ಮೂಲೆ ಹುಡುಕಿ ಶುರು ಮಾಡಿ. ಅಂಚಿಗೆ ತೀರಾ ಹತ್ತಿರ ಹೊಡೆದರೆ ಅಂಚು ಪುಡಿ. ತುಂಬ ಒಳಗೆ ಹೊಡೆದರೆ ಬಡಿಗಲ್ಲು ಪುಟಿಯುತ್ತದೆ. ತೆಳು ಚಪ್ಪಡಿಗೆ ಅಡಿಯಲ್ಲಿ ಆಸರೆ ಇಲ್ಲದಿದ್ದರೆ, ಹೊಡೆದದ್ದು ತುದಿಗೆ, ಮುರಿಯುವುದು ನಡುವೆ. ಹಳೆಯ ರಾಶಿಗಳಲ್ಲಿ ಎರಡು ತುಂಡಾದ ಕೈಕೊಡಲಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಒಂದು ಚಕ್ಕೆ ಎತ್ತಿಕೊಳ್ಳಿ. ಪೆಟ್ಟು ಬಿದ್ದ ಜಾಗದ ಕೆಳಗೆ ಹೆಬ್ಬೆರಳಿಗೆ ಸಣ್ಣ ಉಬ್ಬು ಸಿಗುತ್ತದೆ. ಬೆನ್ನ ತುಂಬ ಕಲ್ಲಿನ ಹೊರಸಿಪ್ಪೆ ಇದ್ದರೆ ಅದು ಕೆಲಸದ ಆರಂಭದ್ದು. ಹಳೆಯ ಕೆತ್ತಿನ ಗುರುತುಗಳೇ ತುಂಬಿದ್ದರೆ ನಂತರದ್ದು.

ಮಣ್ಣನ್ನು 2 ಮಿ.ಮೀ. ಜರಡಿಯಲ್ಲಿ ಸೋಸದಿದ್ದರೆ ಇದೆಲ್ಲ ವ್ಯರ್ಥ. ಸೋಸಿದ ಮೇಲೂ ಸಣ್ಣ ಚೂರು ಸಿಗದೆ, ಉದ್ದ ತುಂಡುಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದರೆ ಅದು ನೀರಿನ ಕೈವಾಡ, ಚಕ್ಕೆಗಳನ್ನು ಮತ್ತೆ ಮೂಲ ಕಲ್ಲಿನಂತೆ ಜೋಡಿಸುವ ಆಸೆ ಬಿಡಿ.

ಜೋಡಿಸುವಾಗ ಮೊದಲು ಬಣ್ಣ, ಸಿಪ್ಪೆ ನೋಡಿ ಗುಂಪು ಮಾಡಿ. ಗೋಂದು ಬೇಡ, ಮರಳು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ. ಸುಣ್ಣಕಲ್ಲಿನ ಮೈ ಸವೆದಿರುವುದರಿಂದ ಸರಿಯಾದ ಜೋಡಿಯ ನಡುವೆಯೂ ಕೂದಲೆಳೆ ಸಂದು ಉಳಿಯುತ್ತದೆ. ಎಲ್ಲ ಕೂತ ಮೇಲೂ ನಡುವೆ ಅಂಗೈಯಗಲದ ಖಾಲಿ ಉಳಿದರೆ ಬೇಸರ ಬೇಡ: ಆ ಖಾಲಿಯ ಆಕಾರವೇ ಕೈಕೊಡಲಿ, ಅದನ್ನು ಯಾರೋ ಒಯ್ದಿದ್ದಾರೆ.