‘ಬ’ ಬೇರೆ, ‘ಬ್’ ಬೇರೆ

ಕಾರವಾರ, ಜೂನ್ 18, 2024, ಮಂಗಳವಾರ

ಶಾಲೆ ಶುರುವಾದರೆ ಅಕ್ಕೋರುಗಳ ನಡುವೆ ಅದೇ ಚರ್ಚೆ: ಇಂಗ್ಲಿಷ್ ಓದಿಸುವುದು ಫೋನಿಕ್ಸ್‌ನಿಂದಲೋ (ಅಕ್ಷರದ ಧ್ವನಿ ಕೂಡಿಸಿ ಓದಿಸುವುದು), ಇಡೀ ಪದ ತೋರಿಸಿಯೋ? ನನ್ನ ಮಟ್ಟಿಗೆ ಧ್ವನಿಯೇ ಮೊದಲು. ಆದರೆ ಕನ್ನಡ ಅಕ್ಷರ ಕಲಿತು ಬಂದ ಮಗು ಅಲ್ಲಿ ಎಡವುವ ಜಾಗ ಒಂದಿದೆ.

ಕನ್ನಡದ ‘ಬ’ದೊಳಗೆ ‘ಅ’ ಕೂತೇ ಇರುತ್ತದೆ, ಇಂಗ್ಲಿಷಿನ ಬಿ ಅಕ್ಷರದಲ್ಲಿ ಅದಿಲ್ಲ. ‘ಬ, ಆ್ಯ, ಟ’ ಎಂದು ನಾವು ಹೇಳಿಕೊಟ್ಟರೆ ಮಗು ಕೂಡಿಸಿ ‘ಬಯಾಟ’ ಅನ್ನುತ್ತದೆ, ಬ್ಯಾಟ್ ಹುಟ್ಟುವುದೇ ಇಲ್ಲ. ಅದಕ್ಕೇ ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರದ ಕೆಳಗೆ ‘ಬ್’ ಎಂದು ಅರ್ಧಾಕ್ಷರ ಬರೆಯಬೇಕು. ಶುರುವಿಗೆ ಎಳೆದು ಹೇಳಲು ಬರುವ ಸ್, ಮ್, ನ್ ತೆಗೆದುಕೊಳ್ಳಿ: ‘ಸ್ಸ್ಸ್–ಅ–ನ್ನ್ನ್’, ನಡುವೆ ಉಸಿರು ಕಡಿಯದೆ, ಸನ್. ಬ್, ಟ್, ಕ್ ಎಳೆಯಲು ಬಾರವು. ಅವನ್ನು ಮೊದಲು ಪದದ ಕೊನೆಯಲ್ಲಿ ಕಲಿಸಿ (ಮ್ಯಾಟ್, ಸಿಟ್), ಆಮೇಲೆ ಪದದ ತಲೆಗೆ ತನ್ನಿ. ದಿನಕ್ಕೆ ಹತ್ತು ನಿಮಿಷ, ಆರೇಳು ಪದ ಸಾಕು.

26 ಅಕ್ಷರಕ್ಕೆ ಸುಮಾರು 44 ಧ್ವನಿ ಇರುವ ಭಾಷೆಯಲ್ಲಿ ವಾಸ್ (was), ಸೆಡ್ (said), ಒನ್ (one) ಇಂಥವನ್ನು ನೆನಪಿಡದೆ ಗತಿಯಿಲ್ಲ. ಆದರೂ ‘ಸೆಡ್’ನ ಮೊದಲಕ್ಷರ, ಕೊನೆಯಕ್ಷರ ನೇರವಾಗೇ ಇವೆ. ನಡುವಿನ ಎರಡಕ್ಕಷ್ಟೇ ಗೆರೆ ಹಾಕಿ.

ಚಿತ್ರ ನೋಡಿ ಪದ ಹೇಳುವುದನ್ನು ಮಾತ್ರ ಓದು ಅಂತ ಎಣಿಸಬೇಡಿ. ಕನ್ನಡದಲ್ಲೂ ಅಷ್ಟೇ. ಮೀನಿನ ಚಿತ್ರದ ಕೆಳಗೆ ‘ಮೀನು’ ಎಂದಿದ್ದರೂ ಕೊಂಕಣಿ ಮನೆಯ ಮಗು ‘ನುಸ್ತೆ’ ಅಂದರೆ, ಕಣ್ಣು ಅಕ್ಷರದ ಮೇಲೆ ಬಿದ್ದೇ ಇಲ್ಲ. ಚಿತ್ರ ಮುಚ್ಚಿ ಓದಿಸಿ. ನಮ್ಮ ಸರ್ಕಾರಿ ಶಾಲೆಯ ಸಣ್ಣ ತರಗತಿಗಳ ಚಟುವಟಿಕೆ ಪದ್ಧತಿಯಾದ ನಲಿಕಲಿಯಲ್ಲಿ ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಮೊದಲು ಕಲಿಸುವುದು ಎಷ್ಟು ಒಳ್ಳೆಯದು! ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಓದಲು ಸಿಗುತ್ತವೆ. ಜೊತೆಗೆ ‘ದಗರ’, ‘ಸದಗ’ ಅಂತ ಅರ್ಥವಿಲ್ಲದ್ದನ್ನೂ ಬರೆದು ಓದಿಸಿ, ಬಾಯಿಪಾಠ ಮಾಡಿದವರು ಅಲ್ಲೇ ನಿಂತುಬಿಡುತ್ತಾರೆ.

ಇನ್ನು ಒತ್ತಕ್ಷರ. ಎಲ್ಲಕ್ಕಿಂತ ಕಾಡುವುದು ಅರ್ಕಾವತ್ತು: ‘ಸೂರ್ಯ’ದಲ್ಲಿ ‘ರ್’ ಕಣ್ಣಿಗೆ ಕೊನೆಗೆ, ಬಾಯಿಗೆ ‘ಯ’ಕ್ಕಿಂತ ಮೊದಲು. ‘ಸೂಯರ’ ಎಂದ ಮಗು ಕಂಡ ಹಾಗೇ ಓದಿದೆ, ಬೈಯಬೇಡಿ. ಅರ್ಕಾವತ್ತನ್ನು ಕೆಂಪು ಸೀಮೆಸುಣ್ಣದಲ್ಲಿ ಬರೆದು, ಅಲ್ಲಿಂದ ‘ಯ’ದ ಎಡಕ್ಕೆ ಬಾಣ ಎಳೆಯಿರಿ. ಸರ್ಪ, ವರ್ಷ, ಧರ್ಮ ಹೀಗೆ ವಾರಪೂರ್ತಿ ಅದೊಂದೇ ಇರಲಿ, ಬೇರೆ ಒತ್ತು ಬೆರೆಸಬೇಡಿ.