ಅಡುಗೆ ಭಟ್ರ ಬಾಯಲ್ಲಿ ದೊಡ್ಡಪ್ಪನ ಮಾತು

‘ಇವರ ಮಾತು ಅಡುಗೆ ಭಟ್ರ ಬಾಯಲ್ಲಿ ಬರ್ತಾ ಉಂಟಲ್ಲ ಮಾರಾಯ!’

ಕಳೆದ ಭಾನುವಾರ ಉಡುಪಿ ಅಂಬಲಪಾಡಿಯ ಮನೆಯಲ್ಲಿ ದೊಡ್ಡಮ್ಮ ಹೀಗೆ ಹೇಳಿದ್ದು. ಅವತ್ತಿನಿಂದ ಸ್ನಾನಕ್ಕೆ ಹೋದರೂ ಅದೇ ಮಾತು, ಬಸ್ಸಿನಲ್ಲಿ ಕೂತರೂ ಅದೇ ಮಾತು.

2004ರಲ್ಲಿ ದೊಡ್ಡಪ್ಪನ ಷಷ್ಟ್ಯಬ್ದಿ ಆಗಿತ್ತು. ಅಮೆರಿಕದಲ್ಲಿದ್ದ ಭಾವ ಬರುವಾಗ ಅಂಗೈಯಗಲದ ಒಂದು ಮಿನಿ ಡಿವಿ ಕ್ಯಾಮೆರಾ ತಂದಿದ್ದರು. ಭಾವ ಒಳ್ಳೆಯವರೇ, ಆದರೆ ಜೂಮ್ ಬಟನ್ ಮೇಲೆ ಬೆರಳು ಇಟ್ಟರೆ ತೆಗೆಯುವ ಜಾತಿ ಅಲ್ಲ. ಪುರೋಹಿತರ ಮೂಗು, ಹೋಮದ ಹೊಗೆ, ಚಪ್ಪಲಿಗಳ ರಾಶಿ, ಎಲ್ಲ ಬಂದಿದೆ. ಮಧ್ಯೆ ಮಧ್ಯೆ ದೊಡ್ಡಪ್ಪನೂ ಬಂದಿದ್ದಾರೆ. ಅರುವತ್ತು ನಿಮಿಷದ ಆ ಕ್ಯಾಸೆಟ್ ಇಷ್ಟು ವರ್ಷ ಸೀರೆಗಳ ಅಡಿಯಲ್ಲಿತ್ತು. ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮನಿಗೆ ಅದನ್ನು ನೋಡಬೇಕು ಅಂತಾಯಿತು. ಪೆನ್‌ಡ್ರೈವ್ ಬೇಡ, ಮೊಬೈಲ್ ಬೇಡ, ಡಿಸ್ಕೇ ಆಗಬೇಕು. ಅವರ ಹಳೆಯ ಡಿವಿಡಿ ಪ್ಲೇಯರಿನ ರಿಮೋಟ್ ಅವರ ಕೈಗೆ ಗೊತ್ತು. ಅದರ ಪ್ಲೇ ಬಟನ್ ಮೇಲೆ ಒಂದು ಹಳೆಯ ಪ್ಯಾಕೆಟಿನ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿಟ್ಟುಕೊಂಡಿದ್ದಾರೆ.

ಪೇಟೆಯ ಒಬ್ಬ ವಿಡಿಯೋದವರಿಗೆ ಕೊಟ್ಟೆ. ಎರಡು ವಾರ ಸತಾಯಿಸಿ ಡಿಸ್ಕ್ ಕೊಟ್ಟರು. ನಾನು ಮೊದಲ ಐದು ನಿಮಿಷ ನೋಡಿ, ಬಣ್ಣ ಪರವಾಗಿಲ್ಲ ಅಂದುಕೊಂಡು ದೊಡ್ಡಮ್ಮನ ಮನೆಗೆ ಒಯ್ದೆ. ಶುರುವಿಗೆ ಎಲ್ಲ ಸರಿ ಇತ್ತು. ಊಟದ ಹೊತ್ತಿಗೆ ಬರುವಾಗ, ಸುಮಾರು ನಲ್ವತ್ತೆಂಟನೇ ನಿಮಿಷದಲ್ಲಿ, ದೊಡ್ಡಪ್ಪ ಪಂಕ್ತಿಯಿಂದ ತಿರುಗಿ ಯಾರಿಗೋ ಏನೋ ಹೇಳುತ್ತಾರೆ. ಬಾಯಿ ಆಡುತ್ತದೆ, ಸ್ವರ ಇಲ್ಲ. ಅಷ್ಟರಲ್ಲಿ ಭಾವನ ಕ್ಯಾಮೆರಾ ಪಾಯಸದ ಕೊಪ್ಪರಿಗೆ ಕಡೆ ಹೋಗಿ ಅಡುಗೆ ಭಟ್ಟರ ಮುಖದ ಮೇಲೆ ನಿಲ್ಲುತ್ತದೆ. ಆಗ ಬರುತ್ತದೆ ದೊಡ್ಡಪ್ಪನ ಸ್ವರ: ‘ನೀನು ಒಮ್ಮೆ ಬಂದು ಕೂತ್ಕೊ, ಬಡಿಸ್ಲಿಕ್ಕೆ ಜನ ಇದ್ದಾರಲ್ಲ.’

ಹೇಳಿದ್ದು ದೊಡ್ಡಮ್ಮನಿಗೆ. ಡಿಸ್ಕಿನಲ್ಲಿ ಹೇಳಿದವರು ಭಟ್ಟರು.

ನಾನು ಗಮನಿಸಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಕ್ಕನೂ ಗಮನಿಸಿರಲಿಲ್ಲ. ಗಮನಿಸಿದ್ದು, ಹತ್ತು ಹದಿನೈದು ವರ್ಷದಿಂದ ಕಿವಿ ಮಂದವಾಗುತ್ತಾ ಬಂದು ಈಗ ಮಿಷನ್ ಇಟ್ಟರೂ ಅರ್ಧಂಬರ್ಧ ಕೇಳುವ ದೊಡ್ಡಮ್ಮ. ಅವರಿಗೆ ಸೌಂಡ್ ಹೆಚ್ಚು ಕಡಿಮೆ ಆದರೆ ಎಂತ ಗೊತ್ತಾಗ್ತದೆ ಅಂತ ನಾನು ಒಳಗೊಳಗೆ ಅಂದುಕೊಂಡದ್ದು ನಿಜ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ವಿಡಿಯೋದವರಿಗೆ ಫೋನ್ ಮಾಡಿದರೆ, ‘ಅಷ್ಟೆಲ್ಲ ಯಾರು ನೋಡ್ತಾರೆ ಮಾರ್ರೆ! ಬರ್ನಿಂಗ್ ಸ್ಪೀಡ್ ಜಾಸ್ತಿ ಆಗಿರ್ಬೇಕು’ ಅಂದರು. ಇದು ಈ ಕಸುಬಿನಲ್ಲಿ ಎಲ್ಲ ತಪ್ಪಿಗೂ ಹೇಳುವ ಕಾರಣ. ಬರ್ನರ್ ಕೆಲಸ ಇದ್ದದ್ದನ್ನು ಇದ್ದ ಹಾಗೆ ಬರೆಯುವುದು. ಬರೆದದ್ದು ಕೆಟ್ಟರೆ ಚಿತ್ರ ನಿಲ್ಲುತ್ತದೆ, ಚೌಕ ಚೌಕ ಒಡೆಯುತ್ತದೆ. ಮಾತನ್ನು ಮಾತ್ರ ಎತ್ತಿ ಮೂರು ಸೆಕೆಂಡು ಆಚೆ ಇಡುವ ಶಕ್ತಿ ಅದಕ್ಕಿಲ್ಲ. ತಪ್ಪು ಬರ್ನ್ ಮಾಡುವ ಮೊದಲೇ ಆಗಿರುತ್ತದೆ. ಡಿಸ್ಕಿಗೆ ಹೋಗುವ ಚಿತ್ರ, ಧ್ವನಿ ಎಲ್ಲ ಇರುವ ವೀಡಿಯೊ ಟಿಎಸ್ ಫೋಲ್ಡರನ್ನು ಕಂಪ್ಯೂಟರಿನಲ್ಲೇ ಓಡಿಸಿ ಕೊನೆಯ ಹತ್ತು ನಿಮಿಷ ನೋಡಿದ್ದರೆ ಅವರಿಗೇ ಗೊತ್ತಾಗುತ್ತಿತ್ತು. ನೋಡಲಿಲ್ಲ. ನಾನೂ ನೋಡಲಿಲ್ಲವಲ್ಲ, ಬೈಯಲು ಬಾಯಿ ಬರಲಿಲ್ಲ. ಪುಣ್ಯಕ್ಕೆ ಕ್ಯಾಸೆಟಿನಿಂದ ಇಳಿಸಿಕೊಂಡಿದ್ದ ಮೂಲ ಫೈಲ್ ಅವರ ಹತ್ತಿರ ಇತ್ತು. ಅದನ್ನು ಹಾರ್ಡ್ ಡಿಸ್ಕಿಗೆ ಹಾಕಿಸಿಕೊಂಡು ಬಂದೆ. ಕವಿ ಮುದ್ದಣ ಮಾರ್ಗದಲ್ಲಿ ಖಾಲಿ ಡಿಸ್ಕ್ ಕೇಳಿದರೆ ಅಂಗಡಿಯವನು ಕ್ಯಾಸೆಟ್ ರೀಲು ಕೇಳಿದವನನ್ನು ನೋಡಿದ ಹಾಗೆ ನೋಡಿದ. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಮತ್ತೆ ಮತ್ತೆ ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕ್ ಮಾತ್ರ ನನ್ನ ಹಳೆಯ ಡ್ರಾಯರಿನಲ್ಲೇ ಒಂದಿತ್ತು, ಪರೀಕ್ಷೆಗೆ ಅದೇ ಆಯಿತು.

ಮೊದಲು ನಾನು ಮಾಡಿದ್ದೂ ದಡ್ಡತನವೇ. ಧ್ವನಿ ತಡವಾಗ್ತದಾ, ಹಾಗಾದರೆ ಮುಂದೆ ತಳ್ಳಿದರಾಯಿತು ಅಂತ ಇಡೀ ಧ್ವನಿಯನ್ನು ಒಂದೂವರೆ ಸೆಕೆಂಡು ಮುಂದೆ ತಳ್ಳಿದೆ. ನಡುವಿನ ಹೋಮ ಚೆಂದ ಕೂತಿತು. ಆದರೆ ಶುರುವಿನಲ್ಲಿ ತೆಂಗಿನಕಾಯಿ ಪುರೋಹಿತರ ಕೈಯಲ್ಲಿರುವಾಗಲೇ ಒಡೆದ ಸದ್ದು ಬಂತು! ಕೊನೆಯಲ್ಲಿ ದೊಡ್ಡಪ್ಪ ಇನ್ನೂ ಅರ್ಧ ಭಟ್ಟರೇ.

ಆಗ ಬುದ್ಧಿ ಬಂತು. ಮೂರನೇ ನಿಮಿಷದ ಆ ತೆಂಗಿನಕಾಯಿ, ಐವತ್ತೆರಡನೇ ನಿಮಿಷದ ಮಂಗಳಾರತಿಯ ಜಾಗಟೆ, ಇವೆರಡನ್ನು ಹಿಡಿದುಕೊಂಡೆ. ಕಾಯಿ ಕಲ್ಲಿಗೆ ತಾಗುವ ಕ್ಷಣ, ಕೋಲು ಕಂಚಿಗೆ ತಾಗುವ ಕ್ಷಣ ಚಿತ್ರದಲ್ಲಿ ಸ್ಪಷ್ಟ. ಧ್ವನಿಯ ಗೆರೆಯಲ್ಲೂ ಅಷ್ಟೇ ಸ್ಪಷ್ಟ, ಗೋಪುರದ ಹಾಗೆ ಎದ್ದು ನಿಲ್ಲುತ್ತದೆ. ವಿಡಿಯೋದವರ ಡಿಸ್ಕಿನಲ್ಲಿ ಕಾಯಿಯ ಸದ್ದು ನಾಲ್ಕೈದು ಫ್ರೇಮ್ ತಡ. ಫ್ರೇಮ್ ಅಂದರೆ ಒಂದು ಬಿಡಿ ಚಿತ್ರ, ಸೆಕೆಂಡಿಗೆ 25. ಜಾಗಟೆ ಎಪ್ಪತ್ತೆಂಟು ಫ್ರೇಮ್, ಅಂದರೆ ಮೂರು ಸೆಕೆಂಡಿಗೂ ಮಿಕ್ಕಿ. ತಪ್ಪು ಒಂದೇ ಅಳತೆಯದ್ದಾಗಿದ್ದರೆ ತಳ್ಳಿದರೆ ಸಾಕು. ಇದು ಬಡ್ಡಿಯ ಹಾಗೆ ಬೆಳೆಯುವ ತಪ್ಪು. ಲೆಕ್ಕ ಹಾಕಿದರೆ ಸಾವಿರಕ್ಕೆ ಒಂದು. ಗಂಟೆಗೆ 3.6 ಸೆಕೆಂಡು.

ಸಾವಿರಕ್ಕೆ ಒಂದು ಅಂತ ಕಂಡ ಕೂಡಲೇ ಭಾವನ ಅಮೆರಿಕದ ಕ್ಯಾಮೆರಾ ನೆನಪಾಯಿತು. ನಮ್ಮ ಟಿವಿ ಪದ್ಧತಿ ಪಾಲ್, ಸೆಕೆಂಡಿಗೆ 25 ಚಿತ್ರ. ಅವರದ್ದು ಎನ್‌ಟಿಎಸ್‌ಸಿ. ಬಾಯಿಮಾತಿಗೆ 30 ಅಂತಾರೆ, ನಿಜಕ್ಕೆ 29.97. 1953ರಲ್ಲಿ ಅಲ್ಲಿ ಟಿವಿಗೆ ಬಣ್ಣ ಸೇರಿಸುವಾಗ ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದಕ್ಕೊಂದು ತಾಗಿ ಪರದೆಯಲ್ಲಿ ಗಲಿಬಿಲಿ ಆಗಬಾರದು ಅಂತ ವೇಗವನ್ನು ಸಾವಿರದಲ್ಲಿ ಒಂದು ಪಾಲು ಇಳಿಸಿದ್ದು. ವಿಡಿಯೋದವರು ಅದನ್ನು 30 ಅಂತಲೇ ಹಿಡಿದು, ಆರಕ್ಕೆ ಒಂದರಂತೆ ಚಿತ್ರ ಬಿಟ್ಟು 25 ಮಾಡಿದ್ದಾರೆ. ಉಳಿದದ್ದು 24.975, ಹಣೆಪಟ್ಟಿ ಮಾತ್ರ 25. ಚಿತ್ರ ಕೂದಲೆಳೆಯಷ್ಟು ಅವಸರದಲ್ಲಿ ಓಡುತ್ತದೆ, ಧ್ವನಿ ತನ್ನ ಪಾಡಿಗೆ ನಡೆದು ಬರುತ್ತದೆ. ಆ ಕಾಲದಲ್ಲಿ ಅಲ್ಲಿ ಎರಡು ಸಂಕೇತಗಳ ಜಗಳ ಬಿಡಿಸಲು ಮಾಡಿದ ಉಪಾಯ, ಈ ಕಾಲದಲ್ಲಿ ಅಂಬಲಪಾಡಿಯಲ್ಲಿ ನಮ್ಮ ದೊಡ್ಡಪ್ಪನ ಮಾತನ್ನು ಭಟ್ಟರ ಬಾಯಿಗೆ ಹಾಕಿತು.

ಧ್ವನಿಯನ್ನೇ ಅಷ್ಟು ಪಾಲು ವೇಗ ಮಾಡಿದರೂ ಆಗುತ್ತಿತ್ತು. ಅಷ್ಟು ಸಣ್ಣ ಶ್ರುತಿ ವ್ಯತ್ಯಾಸ ಯಾರ ಕಿವಿಗೂ ಸಿಗುವುದಿಲ್ಲ. ಆದರೆ ದೊಡ್ಡಪ್ಪನ ಸ್ವರಕ್ಕೆ ಕೈಹಾಕಲು ಯಾಕೋ ಮನಸ್ಸಾಗಲಿಲ್ಲ. ಮೂಲ ಫೈಲಿನ ವೇಗ 29.97 ಅಂತಲೇ ನಮೂದಿಸಿ ಮೊದಲಿನಿಂದ ಪರಿವರ್ತಿಸಿದೆ. ಕ್ಯಾಮೆರಾ ಧ್ವನಿಯನ್ನು ಸೆಕೆಂಡಿಗೆ 32 ಸಾವಿರ ಸಲ ಅಳೆದು ಬರೆದಿತ್ತು, ಅದನ್ನು ಡಿವಿಡಿ ಕೇಳುವ 48 ಸಾವಿರಕ್ಕೆ ತಂದೆ. ರಾತ್ರಿ ಒಂದು ಗಂಟೆಗೆ ಕಾಯಿ, ಜಾಗಟೆ ಎರಡೂ ತಮ್ಮ ತಮ್ಮ ಜಾಗದಲ್ಲಿ ಕೂತವು.

ಗುರುವಾರ ಸಂಜೆ ಮಳೆಯಲ್ಲಿ ಡಿಸ್ಕ್ ತೆಗೆದುಕೊಂಡು ಹೋದರೆ ದೊಡ್ಡಮ್ಮ ಐದು ನಿಮಿಷ ನೋಡಿ ತಲೆ ಅಲ್ಲಾಡಿಸಿದರು. ‘ಈಗ ಮಾತು ಮೊದಲು ಬರ್ತದೆ.’

ನನ್ನ ಲ್ಯಾಪ್‌ಟಾಪಿನಲ್ಲಿ ಸರಿ ಇತ್ತು ಅಂತ ವಾದ ಮಾಡಿದೆ. ಲ್ಯಾಪ್‌ಟಾಪ್ ಅವರಿಗೆ ಎಂತಕ್ಕೆ? ನೋಡುವುದು ಈ ಟಿವಿಯಲ್ಲಿ. ಹಿಂದೆ ಕೈಹಾಕಿ ನೋಡಿದರೆ, ಹಳದಿ ವಯರ್ ಟಿವಿಗೆ ಹೋಗಿದೆ, ಕೆಂಪು ಬಿಳಿ ಎರಡು ಅಕ್ಕ ತಂದಿಟ್ಟ ಸ್ಪೀಕರ್ ಡಬ್ಬಕ್ಕೆ. ಹೊಸ ಟಿವಿ ಚಿತ್ರವನ್ನು ತೊಳೆದು ಬಳಿದು ತೋರಿಸಲು ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಸ್ಪೀಕರಿಗೆ ಅಂಥ ಅಲಂಕಾರ ಇಲ್ಲ. ತುಂಬ ಅಂದರೆ ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ಇದ್ದೀತು. ಆದರೆ ಧ್ವನಿ ಮೊದಲು ಬಂದರೆ ಮನುಷ್ಯನಿಗೆ ಬೇಗ ತಿಳಿಯುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಧ್ವನಿ 45 ಮಿಲಿಸೆಕೆಂಡು ಮುಂದೆ ಬಂದರೂ ಗೊತ್ತಾಗುತ್ತದೆ, ಹಿಂದೆ ಬಿದ್ದರೆ 125ರವರೆಗೂ ನಡೆಯುತ್ತದೆ. ನಮಗೆ ಇದು ಹೊಸತಲ್ಲ. ಬಯಲಾಟಕ್ಕೆ ತಡವಾಗಿ ಹೋಗಿ ಗದ್ದೆಯ ಆಚೆ ತುದಿಯಲ್ಲಿ ನಿಂತು ನೋಡಿದವರಿಗೆ ಚೆಂಡೆಯ ಕೋಲು ಬಿದ್ದು ಮೇಲೆದ್ದ ಮೇಲೆ ಪೆಟ್ಟು ಕೇಳಿರುತ್ತದೆ. ಎಪ್ಪತ್ತು ಮೀಟರ್ ದೂರಕ್ಕೆ ಐದು ಫ್ರೇಮ್ ತಡ, ಯಾರೂ ಆಕ್ಷೇಪಿಸುವುದಿಲ್ಲ. ಕೋಲು ಬೀಳುವ ಮೊದಲೇ ಪೆಟ್ಟು ಕೇಳಿದ ಆಟ ಮಾತ್ರ ಈ ಲೋಕದಲ್ಲಿ ಯಾರೂ ನೋಡಿಲ್ಲ. ಕೆಂಪು ಬಿಳಿ ವಯರನ್ನು ಟಿವಿಗೇ ಚುಚ್ಚಿದೆ. ಸರಿಯಾಯಿತು.

ನನಗೆ ಕಾಡಿದ್ದು ವಯರ್ ಅಲ್ಲ. ದೊಡ್ಡಮ್ಮ ಯಾರ ಹತ್ತಿರವೂ ಕಲಿತವರಲ್ಲ, ‘ತುಟಿ ಓದುವುದು’ ಅಂತ ಅದಕ್ಕೆ ಹೆಸರಿದೆ ಅಂತಲೂ ಗೊತ್ತಿಲ್ಲ. ಆದರೆ ಯಾರಾದರೂ ಮನೆಗೆ ಬಂದರೆ, ‘ಕನ್ನಡಕ ತಾ, ಕೇಳೂದಿಲ್ಲ’ ಅನ್ನುತ್ತಾರೆ. ನಾವು ಎಷ್ಟು ವರ್ಷ ಅದಕ್ಕೆ ನಕ್ಕಿದ್ದೇವೆ! ವಯಸ್ಸಿನ ಕಿವುಡು ಮೊದಲು ಸಣ್ಣ, ಎತ್ತರದ ಸದ್ದುಗಳನ್ನು ಕಸಿಯುತ್ತದೆ, ಸ, ಶ ಎಲ್ಲ ಹೋಗುತ್ತದೆ. ಅ, ಆ, ಓ ಥರದ ಸ್ವರಾಕ್ಷರಗಳು ಉಳಿಯುತ್ತವೆ. ಉಳಿದದ್ದನ್ನು ಕಣ್ಣು ತುಂಬಬೇಕು. ಕಣ್ಣಿಗೂ ಎಲ್ಲ ಸಿಗುವುದಿಲ್ಲ. ಪ, ಬ, ಮ ಮೂರಕ್ಕೂ ತುಟಿ ಮುಚ್ಚುವುದು ಒಂದೇ ಥರ, ‘ಪಾಪ’ ಅಂದರೂ ‘ಮಾಮ’ ಅಂದರೂ ನೋಡಲು ಒಂದೇ. ಕ, ಗ ಗಂಟಲಲ್ಲೇ ಮುಗಿದುಹೋಗುತ್ತವೆ. ಅರ್ಧ ಕಿವಿ, ಅರ್ಧ ಕಣ್ಣು ಒಂದೇ ಹೊತ್ತಿಗೆ ಬಂದು ಸೇರಿದರೆ ಒಂದು ಮಾತು. ನಮಗೆ ಮೂರು ಸೆಕೆಂಡು ತಮಾಷೆ. ಅವರಿಗೆ ಅಲ್ಲಿ ಮಾತೇ ಇಲ್ಲ.

ಕೊರೊನಾ ಸಮಯದಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗ ದೊಡ್ಡಮ್ಮ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದರು. ಹೆದರಿಕೆ ಅಂತ ನಾವು ತೀರ್ಮಾನಿಸಿದ್ದೆವು. ಕೇಳಿಯೂ ಇರಲಿಲ್ಲ. ಈಗಲೂ ನಾವು ಅವರ ಜೊತೆ ಹೇಗೆ ಮಾತಾಡುತ್ತೇವೆ? ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡು, ಮೊಬೈಲ್ ನೋಡಿಕೊಂಡು, ಬೆನ್ನು ಹಾಕಿ ನಡೆಯುತ್ತಾ. ‘ಎಂತ ಹೇಳಿದ್ದು?’ ಅಂದರೆ, ‘ಎಂತ ಇಲ್ಲ, ಬಿಡಿ.’ ಎಷ್ಟು ಸಲ ಹೇಳಿದ್ದೇನೋ ಆ ‘ಬಿಡಿ’ಯನ್ನು. ವಿಡಿಯೋದವರ ‘ಅಷ್ಟೆಲ್ಲ ಯಾರು ನೋಡ್ತಾರೆ’ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಏನಿಲ್ಲ.

ಗುರುವಾರ ಡಿಸ್ಕ್ ಪೂರ್ತಿ ಓಡಿತು. ‘ನೀನು ಒಮ್ಮೆ ಬಂದು ಕೂತ್ಕೊ’ ಈ ಸಲ ದೊಡ್ಡಪ್ಪನ ಬಾಯಲ್ಲೇ ಬಂತು. ದೊಡ್ಡಮ್ಮ ಏನೂ ಹೇಳಲಿಲ್ಲ. ನಾನು ಅವರ ಮುಖ ನೋಡಲು ಹೋಗಲಿಲ್ಲ. ಆಮೇಲೆ ನಾಗಸ್ವರ, ಡೋಲು, ಕಿವಿ ಒಡೆಯುವಷ್ಟು. ಭಾವನ ಕ್ಯಾಮೆರಾ ದೂರದಿಂದ ಪಂಕ್ತಿಯನ್ನು ತೋರಿಸುತ್ತಿತ್ತು. ಅಲ್ಲಿ ದೊಡ್ಡಪ್ಪ ಪಕ್ಕದವರ ಕಡೆ ಬಗ್ಗಿ ಏನೋ ಹೇಳುತ್ತಿದ್ದರು. ನನಗೆ ವಾದ್ಯ ಬಿಟ್ಟು ಬೇರೆ ಏನೂ ಕೇಳುತ್ತಿರಲಿಲ್ಲ.

ದೊಡ್ಡಮ್ಮ ಗಕ್ಕನೆ ನೆಟ್ಟಗೆ ಕೂತರು. ರಿಮೋಟಿನಲ್ಲಿ ಹಿಂದೆ ಒತ್ತಿ, ಕೆಂಪು ಬೊಟ್ಟು ಒತ್ತಿ, ಇನ್ನೊಮ್ಮೆ ನೋಡಿದರು.

‘ಗುಳ್ಳದ ಹುಳಿಗೆ ಉಪ್ಪು ಸಾಲದು ಅಂತ ಹೇಳ್ತಾ ಇದ್ದಾರೆ ನೋಡು ಇವರು. ನನ್ನ ಹತ್ರ ಅವತ್ತು ಎಲ್ಲ ಒಳ್ಳೇದಾಗಿದೆ ಅಂದದ್ದು!’